ಒಂಬತ್ತಕ್ಕೆ ಬರ್ತೆ ಅಕ್ಕೋರೆ

ಇಂಗ್ಲಿಷ್ ಗಾದೆಗಳನ್ನು ಒಂದೆಡೆ ಕೂಡಿಸಿ ಓದಿದರೆ ಒಂದು ಅನುಮಾನ ಬರುತ್ತದೆ: ಈ ಜನ ಒಬ್ಬರನ್ನೊಬ್ಬರು ಅಷ್ಟಾಗಿ ನಂಬುತ್ತಿರಲಿಲ್ಲವೇನೋ! ಒಮ್ಮೆ ಕಚ್ಚಿಸಿಕೊಂಡವ ಮುಂದಿನ ಸಲ ಎರಡು ಪಟ್ಟು ಹಿಂಜರಿಯುತ್ತಾನೆ. ಹೊಳೆಯುವುದೆಲ್ಲ ಚಿನ್ನವಲ್ಲ. ಮೊಟ್ಟೆಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿ ಇಡಬೇಡ. ಬೇಲಿ ಗಟ್ಟಿಯಿದ್ದರೆ ನೆರೆಯವ ಒಳ್ಳೆಯವ. ಹಾಗೆಂದು ನಮ್ಮವರೇನು ಕಡಿಮೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ ಎಂದರು. ಇಂಗ್ಲಿಷಿನವರು ನೆರೆಯವನನ್ನು ಅನುಮಾನಿಸಿ ಬೇಲಿಯನ್ನಾದರೂ ನಂಬಿದರು. ನಾವು ಬೇಲಿಯನ್ನೂ ಬಿಡಲಿಲ್ಲ.

ಈ ಗಾದೆಗಳನ್ನು ನಾನು 22 ವರ್ಷ ಮಕ್ಕಳಿಗೆ ಕಲಿಸಿದೆ, ಕದ್ರಾದ ಸುತ್ತಿನ ಶಾಲೆಗಳಲ್ಲಿ. ನಮ್ಮ ಕಡೆ ಕಲಿಸುವ ಹೆಂಗಸನ್ನು ‘ಅಕ್ಕೋರು’ ಎನ್ನುತ್ತಾರೆ. ನಿವೃತ್ತಳಾಗಿ ಅಂಕೋಲೆಗೆ ಬಂದ ಮೇಲೂ ಅಲ್ಲಿಯವರಿಗೆ ನಾನು ಅಕ್ಕೋರೇ. ಕದ್ರಾ ನೋಡದವರಿಗಾಗಿ ಒಂದು ಮಾತು: ಕಾರವಾರದಿಂದ ಕಾಳಿ ನದಿಯನ್ನು ಹಿಡಿದು ಒಳನಾಡಿಗೆ 30 ಕಿಲೋಮೀಟರಿಗೂ ಹೆಚ್ಚು ಹೋದರೆ ಎರಡೂ ಕಡೆ ಕಾಡು ಹತ್ತಿರವಾಗುತ್ತದೆ. ಎದುರಿಗೆ ಅಣೆಕಟ್ಟು ಕಾಣುತ್ತದೆ. ಅದರ ಬುಡದಲ್ಲಿ ವಿದ್ಯುದಾಗಾರ. ಅಲ್ಲಿಂದ ಕೆಳಗೆ ನದಿಯ ಬದಿಯಲ್ಲಿ ಮನೆ, ಗದ್ದೆ, ತೆಂಗು. ಅಣೆಕಟ್ಟಿನ ಮೇಲ್ಗಡೆ ಹಿನ್ನೀರಿನ ಅಂಚಿಗೆ ಕೈಗಾ ಅಣುವಿದ್ಯುತ್ ಕೇಂದ್ರ. ಇಂಥ ಊರಿನಲ್ಲಿ ಕುಳಿತು ನಂಬಿಕೆಯ ಗಾದೆಗಳನ್ನು ಕಲಿಸುವುದು ಬೇರೆಯೇ ಒಂದು ಅನುಭವ.

ಪಠ್ಯಪುಸ್ತಕದ ಮೊದಲ ಗಾದೆ ಯಾವಾಗಲೂ ಅದೇ. ‘ಎ ಫ್ರೆಂಡ್ ಇನ್ ನೀಡ್ ಈಸ್ ಎ ಫ್ರೆಂಡ್ ಇಂಡೀಡ್.’ ಆಪತ್ತಿಗಾದವನೇ ನಿಜವಾದ ಗೆಳೆಯ. ರೋಮಿನ ಕವಿ ಎನ್ನಿಯಸ್ 2000 ವರ್ಷಗಳಿಗೂ ಹಿಂದೆ ಇದೇ ಭಾವವನ್ನು ಹೇಳಿದ್ದ. ಸಿಸೆರೋ ಗೆಳೆತನದ ಮೇಲೆ ಬರೆದ ಪುಸ್ತಕದಲ್ಲಿ ಅದನ್ನು ನೆನೆದ. ಅಲ್ಲಿಂದ ಅದು ಯುರೋಪೆಲ್ಲ ತಿರುಗಿ, ಇಂಗ್ಲಿಷಿಗೆ ಬಂದು, ಕೊನೆಗೆ ನಮ್ಮ ಶಾಲೆಯ ಕರಿಹಲಗೆಗೆ ಬಂತು. ಒಂದು ವರ್ಷ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಹೋಮ್‌ವರ್ಕ್ ಕೇಳಿದರೆ ವರ್ಷವಿಡೀ ‘ನಾಳೆ ತರ್ತೆ ಅಕ್ಕೋರೆ’ ಎಂದವ. ಅವನು ಕೇಳಿದ: “ನೀಡ್ ಅಂದ್ರೆ ಬೇಕು ಅಂತ ಅಲ್ವಾ? ಹಾಗಾದ್ರೆ ಏನಾದ್ರೂ ಬೇಕಾದಾಗ ಬರುವವ ಭಾರೀ ಗೆಳೆಯನ ಹಾಗೆ ಇರ್ತಾನೆ ಅಂತ ಅರ್ಥ.” ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಅವನು ಓದಿದ್ದರಲ್ಲಿ ವ್ಯಾಕರಣದ ದೋಷವೇನೂ ಇರಲಿಲ್ಲ. ಇಂಗ್ಲಿಷ್ ಬಲ್ಲ ದೊಡ್ಡವರೂ ಆ ವಾಕ್ಯವನ್ನು ಹೀಗೆ ತಿರುಗಿಸಿ ನಗಾಡುವುದುಂಟು. ಮತದಾನದ ಹೊತ್ತಿಗೆ, ಸಾಲದ ಹೊತ್ತಿಗೆ ಅವನ ಅರ್ಥವೇ ಸರಿ ಎಂದು ನನಗೆ ಅನೇಕ ಸಲ ಅನಿಸಿದೆ.

‘ಆನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ’ ಎಂಬುದು ಮಾತ್ರ ನನಗೆ ಎಂದೂ ಪೂರ್ತಿ ಒಗ್ಗಲಿಲ್ಲ. ಪ್ರಾಮಾಣಿಕತೆಯನ್ನು ‘ಪಾಲಿಸಿ’ ಎಂದರೆ ಲಾಭನಷ್ಟ ನೋಡಿ ಆರಿಸಿಕೊಂಡ ಉಪಾಯವೆಂದಾಯಿತು. ಈ ಮಾತನ್ನು 19ನೇ ಶತಮಾನದಲ್ಲೇ ರಿಚರ್ಡ್ ವೇಟ್ಲಿ ಎಂಬ ಆರ್ಚ್‌ಬಿಷಪ್ ಎತ್ತಿದ್ದರು. ಲಾಭವಿದೆಯೆಂದೇ ಪ್ರಾಮಾಣಿಕನಾದವ ಪ್ರಾಮಾಣಿಕನೇ ಅಲ್ಲ ಎಂಬುದು ಅವರ ತಕರಾರು. ಇದನ್ನು ಹೇಳಿದರೆ ಪರೀಕ್ಷೆಯಲ್ಲಿ ಅಂಕ ಸಿಗುವುದಿಲ್ಲ. ಆದ್ದರಿಂದ ಹೇಳಿಯೂ ಹೇಳದಂತೆ ಮುಂದೆ ಹೋಗುತ್ತಿದ್ದೆ.

ನಿಲ್ಲಿಸಿ ಕಲಿಸುತ್ತಿದ್ದದ್ದು ಇನ್ನೊಂದನ್ನು. ‘ಮೈ ವರ್ಡ್ ಈಸ್ ಮೈ ಬಾಂಡ್.’ ನನ್ನ ಮಾತೇ ನನ್ನ ಕರಾರುಪತ್ರ. ಲಂಡನ್ನಿನ ಶೇರುಪೇಟೆ ಇದನ್ನೇ ಲ್ಯಾಟಿನ್ ಭಾಷೆಯಲ್ಲಿ ತನ್ನ ಧ್ಯೇಯವಾಕ್ಯ ಮಾಡಿಕೊಂಡಿದೆ. ಶೇರುಪೇಟೆ ಎಂದರೆ ನಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ. ನಾನು ತಾರಿಯ ಕಥೆ ಹೇಳುತ್ತಿದ್ದೆ. ಅದನ್ನು ನನಗೆ ಹೇಳಿದವರು ನಮ್ಮ ನೆರೆಮನೆಯ ಆಜಿ. ಕೊಂಕಣಿ ಮನೆಮಾತಿನವರು. ಊರಿಗೆಲ್ಲ ಆಜಿಯೇ.

ಅವರು ಸೊಸೆಯಾಗಿ ಬಂದ ಕಾಲಕ್ಕೆ ಹೊಳೆಗೆ ಅಣೆಕಟ್ಟೂ ಇಲ್ಲ, ಹತ್ತಿರದಲ್ಲಿ ಸೇತುವೆಯೂ ಇಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ತಾರಿ ದೋಣಿ. ದಡದಲ್ಲಿ ನಿಂತು ‘ಕೂ’ ಹಾಕಿದರೆ ಅಂಬಿಗ ಬರುತ್ತಿದ್ದ. ಮಳೆಯಿರಲಿ, ಮಂಜಿರಲಿ, ಊಟಕ್ಕೆ ಕುಳಿತಿರಲಿ, ಅವನ ಕಡೆಯಿಂದ ಒಂದು ಕೂ ತಿರುಗಿ ಬರುತ್ತಿತ್ತು. ಆ ಕೂ ಬಂತೆಂದರೆ ಮುಗಿಯಿತು, ಅವನು ಹೊರಟ ಎಂದೇ ಅರ್ಥ. ಪ್ರತಿ ಸಲಕ್ಕೆ ಕಾಸು ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ ಅಳೆದು ಕೊಡುತ್ತಿದ್ದರು. ಯಾರೂ ಬರೆದಿಡಲಿಲ್ಲ. “ಅವನು ಎಷ್ಟು ಸಲ ದಾಟಿಸಿದ ಅಂತ ನಾವು ಎಣಿಸ್ಲಿಲ್ಲ. ನಾವು ಎಷ್ಟು ಕೊಳಗ ಕೊಟ್ಟೆವು ಅಂತ ಅವನು ಎಣಿಸ್ಲಿಲ್ಲ” ಎನ್ನುತ್ತಿದ್ದರು ಆಜಿ.

ಇದನ್ನು ಕೇಳಿದರೆ ಆ ಕಾಲವೇ ಚಿನ್ನ ಎನಿಸುತ್ತದೆ. ಆಜಿ ಅಷ್ಟು ಮೆದು ಹೆಂಗಸಲ್ಲ. ಅದೇ ಅಂಬಿಗ ಹೊಳೆ ಕೆಂಪಾಗಿ ಉಕ್ಕಿದ ದಿನ ‘ಇವತ್ತು ಆಗುವುದಿಲ್ಲ’ ಎನ್ನುತ್ತಿದ್ದನಂತೆ. ಬಸುರಿಯನ್ನು ದಾಟಿಸಬೇಕೆಂದು ಅತ್ತು ಕರೆದವರಿಗೂ ಇಲ್ಲವೆಂದದ್ದುಂಟು. ಜನ ಬೈದರು. “ಅವನು ಆವತ್ತು ಇಲ್ಲ ಅಂದದ್ದಕ್ಕೇ ಉಳಿದ ದಿನ ನಾವು ಮಕ್ಕಳನ್ನು ಅವನ ದೋಣಿಯಲ್ಲಿ ಕೂರಿಸಿದ್ದು” ಎಂದು ಆಜಿ ಹೇಳಿದಾಗ ನಾನು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟೆ. ಬರುತ್ತೇನೆ ಎನ್ನುವವನ ಮಾತಿಗೆ ಬೆಲೆ ಬರುವುದು ಆಗುವುದಿಲ್ಲ ಎನ್ನಲೂ ಅವನಿಗೆ ಗೊತ್ತಿದ್ದಾಗ. ಇದನ್ನು ಹೇಳುವ ಇಂಗ್ಲಿಷ್ ಗಾದೆ ನನಗೆ ಇನ್ನೂ ಸಿಕ್ಕಿಲ್ಲ.

ಅಂಬಿಗನ ವಿಷಯದಲ್ಲಿ ನಮ್ಮ ಕನ್ನಡ ಗಾದೆ ಮಾತ್ರ ನಾಚಿಕೆಪಡುವಂತಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಇಂಗ್ಲಿಷಿನಲ್ಲಿ ಇದಕ್ಕೆ ಎದುರು ಮಾತೊಂದಿದೆ: ನಿನ್ನನ್ನು ದಾಟಿಸಿದ ಸೇತುವೆಯನ್ನು ಹೊಗಳು. ಇದು ಹಳೆಯ ಗಾದೆ, ಚೆಂದದ ಗಾದೆ. ಸೇತುವೆ ಚೆಂದವೋ ಅಲ್ಲವೋ, ಬೇರೆಯವರು ಅದರ ಬಗ್ಗೆ ಏನನ್ನುತ್ತಾರೋ, ಅದೆಲ್ಲ ಬೇಡ. ನಿನ್ನ ಭಾರ ಹೊತ್ತಿತಲ್ಲ, ಅದನ್ನು ನೆನೆ ಎಂಬ ಅರ್ಥ. ಆದರೆ ಸೇತುವೆಯನ್ನು ಹೊಗಳುವುದರ ಜೊತೆಗೆ ಆಗಾಗ ಅದರ ಕೆಳಗೆ ಇಣುಕಿಯೂ ನೋಡಬೇಕು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು ನದಿಗೆ ಬಿತ್ತು. ಸುಮಾರು 40 ವರ್ಷ ಗೋವಾಕ್ಕೂ ನಮಗೂ ನಡುವಿನ ಭಾರ ಹೊತ್ತ ಸೇತುವೆ ಅದು. ಮೇಲಿದ್ದ ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಕತ್ತಲೆಯಲ್ಲೇ ಮೇಲೆತ್ತಿದರು. ನಾನು ಆ ಸೇತುವೆಯನ್ನು ಎಷ್ಟು ನೂರು ಸಲ ದಾಟಿದ್ದೇನೋ! ಬಸ್ಸಿನ ಕಿಟಕಿಯಿಂದ ಸಮುದ್ರ ನೋಡುತ್ತಿದ್ದೆನೇ ಹೊರತು ಸೇತುವೆಯನ್ನು ನೋಡಿದವಳಲ್ಲ. ಚೆನ್ನಾಗಿ ನಡೆಯುತ್ತಿರುವ ನಂಬಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಆವತ್ತು ಸೇತುವೆ ಹೋಯಿತು, ದೋಣಿಯವರು ಬಂದರು. ಆಜಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: “ಮೀನಿನವರು ಬಂದ್ರಲ್ಲ?”

ಮಕ್ಕಳು ಎಲ್ಲಕ್ಕಿಂತ ಹೆಚ್ಚು ಜಗಳವಾಡಿದ ಗಾದೆ ‘ಟ್ರಸ್ಟ್, ಬಟ್ ವೆರಿಫೈ’. ನಂಬು, ಆದರೆ ಪರೀಕ್ಷಿಸು. ಇದು ಹುಟ್ಟಾ ಇಂಗ್ಲಿಷಿನದಲ್ಲ, ರಷ್ಯದ್ದು. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅದನ್ನು ಕಲಿತು, ರಷ್ಯದವರಿಗೇ ತಿರುಗಿ ಹೇಳುತ್ತಿದ್ದರು. 1987ರ ಡಿಸೆಂಬರ್ 8ರಂದು ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭದಲ್ಲೂ ಅದನ್ನೇ ಅಂದರು. ಪಕ್ಕದಲ್ಲಿದ್ದ ಗೋರ್ಬಚೆವ್, ನೀವು ಪ್ರತಿ ಭೇಟಿಯಲ್ಲೂ ಇದನ್ನೇ ಹೇಳುತ್ತೀರಲ್ಲ ಎಂದು ಚಟಾಕಿ ಹಾರಿಸಿದಾಗ ಸಭೆಯೆಲ್ಲ ನಕ್ಕಿತು.

ತರಗತಿಯಲ್ಲಿ ಮಾತ್ರ ನಗೆಯಿರಲಿಲ್ಲ. ನಂಬಿದ ಮೇಲೆ ಪರೀಕ್ಷಿಸುವುದು ಯಾಕೆ, ಪರೀಕ್ಷಿಸಿದರೆ ನಂಬಲಿಲ್ಲ ಎಂದೇ ಅಲ್ಲವೇ ಎಂದು ಹುಡುಗರು. ಅಂಗಡಿಯಿಂದ ಬಂದಾಗ ಅಮ್ಮ ಚಿಲ್ಲರೆ ಎಣಿಸುತ್ತಾಳೆ, ತನಗೆ ಸಿಟ್ಟು ಬರುತ್ತದೆ ಎಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಸಾಧಾರಣವಾಗಿ ಬಾಯಿಬಿಡದವಳು, ಮೆಲ್ಲಗೆ ಹೇಳಿದಳು: “ನಮ್ಮಮ್ಮ ಎಣಿಸದಿದ್ರೇ ನಂಗೆ ಹೆದರಿಕೆ. ನಾಲ್ಕು ದಿನ ಬಿಟ್ಟು ದುಡ್ಡು ಕಡಿಮೆ ಅಂತ ಗೊತ್ತಾದ್ರೆ ನನ್ನ ಮೇಲೇ ಬರ್ತದೆ. ಅಲ್ಲೇ ಎಣಿಸಿದ್ರೆ ನಾನು ಸರಿ ಅಂತ ಆಗ್ತದೆ.”

ಎಣಿಕೆ ಅಮ್ಮನ ಅನುಮಾನವಲ್ಲ, ತನಗೆ ಸಿಗುವ ರಕ್ಷಣೆ ಎಂದು ಹನ್ನೆರಡರ ಹುಡುಗಿಗೆ ತಿಳಿದಿತ್ತು. ದೊಡ್ಡವರಾದ ಮೇಲೆ ನಮಗೆ ಇದು ಮರೆಯುತ್ತದೆ. ಲೆಕ್ಕ ಕೇಳಿದರೆ ಮುಖ ಊದಿಸಿಕೊಳ್ಳುವ ಖಜಾಂಚಿಗಳನ್ನು ನಾನು ಮಹಿಳಾ ಮಂಡಳಗಳಲ್ಲಿ ಸಾಕಷ್ಟು ಕಂಡಿದ್ದೇನೆ.

ಆ ಹುಡುಗಿಯ ಮಾತಿಗೆ ದೊಡ್ಡ ಉದಾಹರಣೆ ಊರಿನ ಪಕ್ಕದಲ್ಲೇ ಇತ್ತು. ಕೈಗಾದ ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಒಟ್ಟು 962 ದಿನ, ಒಮ್ಮೆಯೂ ನಿಲ್ಲದೆ ನಡೆಯಿತು. ಆಗ ಅದು ವಿಶ್ವದಾಖಲೆ. ಅದಕ್ಕೂ ಮೊದಲು 940 ದಿನಗಳ ದಾಖಲೆ ಇದ್ದದ್ದು ಇಂಗ್ಲೆಂಡಿನ ಹೇಷಮ್ ಸ್ಥಾವರದ ಹೆಸರಿನಲ್ಲಿ. ಗಾದೆ ಅವರದ್ದು, ದಾಖಲೆ ನಮ್ಮದು ಎಂದು ಆ ವರ್ಷ ಶಿಕ್ಷಕರ ಕೋಣೆಯಲ್ಲಿ ನಾವು ಜಂಬಪಟ್ಟೆವು. (ಮುಂದೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ 1106 ದಿನ ಓಡಿ ನಮ್ಮ ಜಂಬ ಇಳಿಸಿತು.) ಅಂಥ ಕಡೆ ಪಾಳಿ ಬದಲಾಗುವಾಗ ಹಿಂದಿನವರು ಬರೆದಿಟ್ಟದ್ದನ್ನು ಬಂದವರು ಓದುತ್ತಾರೆ. ಆಮೇಲೆ ತಾವೇ ಮತ್ತೊಮ್ಮೆ ನೋಡುತ್ತಾರೆ. ಅಲ್ಲಿ ಯಾರೂ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಳ್ಳುವವರು ಅಲ್ಲಿರಬಾರದು ಕೂಡ.

ಇನ್ನು ತೋಳದ ಗಾದೆ. ‘ತೋಳ ಬಂತು ತೋಳ’ ಎಂದು ಸುಳ್ಳೇ ಕೂಗಿದ ಕುರಿಗಾಹಿ ಹುಡುಗನ ಕಥೆ ಈಸೋಪನದು. ಇಂಗ್ಲಿಷಿನಲ್ಲಿ ‘ಕ್ರೈ ವುಲ್ಫ್’ ಎಂಬ ನುಡಿಗಟ್ಟೇ ಆಗಿದೆ. ಸುಳ್ಳುಗಾರ ನಿಜ ಹೇಳಿದಾಗಲೂ ಯಾರೂ ನಂಬುವುದಿಲ್ಲ ಎಂದು ಎಲ್ಲ ಶಾಲೆಗಳಲ್ಲೂ ಕಲಿಸುತ್ತಾರೆ. ಕದ್ರಾದಲ್ಲಿ ಈ ಕಥೆ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ.

ಕಾರಣವಿದೆ. ಕಾಳಿಗೆ ಮೇಲಿನಿಂದ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ಎಂದು ಸಾಲಾಗಿ ಅಣೆಕಟ್ಟುಗಳು. ಕದ್ರಾ ಕೊನೆಯದು. ಇವುಗಳಲ್ಲಿ ಸೂಪಾದ ಹೊಟ್ಟೆ ಬಲು ದೊಡ್ಡದು, ಎಷ್ಟೋ ಮಳೆಯನ್ನು ನುಂಗಿಕೊಂಡು ಕೂರುತ್ತದೆ. ಕದ್ರಾದ್ದು ಸಣ್ಣದು. ನಡುವಿನ ಘಟ್ಟದಲ್ಲಿ ಜೋರು ಮಳೆ ಹೊಡೆದರೆ ಬಂದ ನೀರನ್ನು ಬಹಳ ಹೊತ್ತು ಹಿಡಿದಿಡಲು ಅದಕ್ಕೆ ಜಾಗವಿಲ್ಲ, ಗೇಟು ತೆರೆಯಲೇಬೇಕು. ಆದ್ದರಿಂದ ಮಳೆಗಾಲದಲ್ಲಿ ನದಿದಡದವರಿಗೆ ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಕೊಟ್ಟ ದಿನವೆಲ್ಲ ನೀರು ಮನೆಗೆ ಬರುತ್ತದೆಯೇ? ಇಲ್ಲ. ಘಟ್ಟದಲ್ಲಿ ಮಳೆ ಕಡಿಮೆಯಾದರೆ ನೀರು ತೆಂಗಿನ ಬುಡಕ್ಕೆ ಬಂದು ಹಿಂದೆ ಹೋಗುತ್ತದೆ. ಆಗ ಕೂಗಿದವರು ಸುಳ್ಳು ಹೇಳಿದರೇ? ಈಸೋಪನ ಹುಡುಗ ತಮಾಷೆಗೆ ಕೂಗಿದ. ಇಲ್ಲಿ ತೋಳ ನಿಜವಾಗಿಯೂ ಕಾಡಿನ ಅಂಚಿಗೆ ಬಂದು ತಿರುಗಿ ಹೋಗಿರುತ್ತದೆ. ಆದರೆ ಕೇಳುವವರ ಕಿವಿಗೆ ಎರಡೂ ಒಂದೇ. ನಾಲ್ಕು ಸಲ ನೀರು ಬಾರದಿದ್ದರೆ ಐದನೇ ಸಲ ‘ಇವರದ್ದು ಯಾವಾಗಲೂ ಇದೇ’ ಎಂಬ ಮಾತು ಶುರು.

2019ರ ಆಗಸ್ಟ್, 2021ರ ಜುಲೈ. ಈ ಎರಡು ಮಳೆಯನ್ನು ಕಾಳಿ ದಡದವರು ಮರೆಯುವುದಿಲ್ಲ. ಎರಡೂ ಸಲ ನದಿ ಮನೆಗಳ ಒಳಗೆ ಬಂತು, ಜನ ಕಾಳಜಿ ಕೇಂದ್ರಗಳಲ್ಲಿ ರಾತ್ರಿ ಕಳೆದರು. ನನಗೆ ನೆನಪಿರುವುದು ಅಂಥದೊಂದು ಸಂಜೆ. ಮೂರು ದಿನದಿಂದ ಬಿಡದ ಮಳೆ. ಮೈಕಿನ ಗಾಡಿ ರಸ್ತೆಯಲ್ಲಿ ಹೋಯಿತು, ತಗ್ಗಿನ ಸಾಲಿನವರು ಎತ್ತರದ ಶಾಲೆಗೆ ಹೋಗಬೇಕೆಂದು. ನಮ್ಮ ಸಾಲಿನ ಅರ್ಧ ಜನ ಕದಲಲಿಲ್ಲ.

ಆಜಿಗೆ ಅವರದೇ ಒಂದು ಅಳತೆಯಿತ್ತು. ಹಿತ್ತಿಲಿನಾಚೆ ಹೊಳೆಗಿಳಿಯುವ ಮೆಟ್ಟಿಲುಗಳ ಪಕ್ಕ ಬಟ್ಟೆ ಒಗೆಯುವ ಕಲ್ಲು. ನೀರು ಆ ಕಲ್ಲು ಮುಳುಗಿಸಿದರೆ ಹೊರಡುವುದು, ಇಲ್ಲದಿದ್ದರೆ ಇಲ್ಲ. ನಾನು ಛತ್ರಿ ಹಿಡಿದು ನೋಡಿಬಂದೆ. ಕಲ್ಲು ಇನ್ನೂ ಕಾಣುತ್ತಿತ್ತು. “ಕಲ್ಲು ಮುಳುಗ್ಲಿಲ್ಲ ಆಜಿ” ಎಂದೆ. ಆಜಿ ಆಗಲೇ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸಿ, ದನ ಬಿಚ್ಚಿಸಿ, ಔಷಧದ ಚೀಲ ಹಿಡಿದು ಜಗಲಿಯಲ್ಲಿ ಕುಳಿತಿದ್ದರು. ನನಗೆ ಆಶ್ಚರ್ಯ. ಇಷ್ಟು ವರ್ಷ ಅವರು ಕಲ್ಲನ್ನು ಬಿಟ್ಟು ಯಾರ ಮಾತನ್ನೂ ಕೇಳಿದವರಲ್ಲ.

“ಕಲ್ಲು ಈಗಿನ ನೀರು ಹೇಳ್ತದೆ” ಎಂದರು. “ಮೇಲೆ ನಿಂತವರಿಗೆ ಇನ್ನೂ ಬರಬೇಕಾದ ನೀರು ಕಾಣ್ತದೆ. ನಂಗೆ ಕಾಣದ್ದು ಅವರಿಗೆ ಕಾಣುವಾಗ ನಾನು ಕಲ್ಲು ಹಿಡ್ಕೊಂಡು ಕೂತ್ರೆ ಆಗ್ತದಾ? ಸುಳ್ಳಾದ್ರೆ ಒಂದು ರಾತ್ರಿ ಶಾಲೆಯಲ್ಲಿ ಮಲಗಿದ ಹಾಗಾಯ್ತು.”

ಹೊರಡುವುದೇನೋ ಸರಿ, ಹೇಗೆ? ಆಜಿಗೆ ಮೊಣಕಾಲು ನೋವು, ರಸ್ತೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತು. ಆಗ ನೆನಪಾದದ್ದು ಆ ‘ನಾಳೆ ತರ್ತೆ’ ಹುಡುಗ. ಈಗ ದೊಡ್ಡವನಾಗಿ ಗೂಡ್ಸ್ ರಿಕ್ಷಾ ಇಟ್ಟಿದ್ದಾನೆ, ಎರಡು ಮಕ್ಕಳ ತಂದೆ. ಫೋನು ಮಾಡಿದೆ. ಆಚೆಯಿಂದ ಗಾಳಿಯ ಸದ್ದು, ಹಿಂದೆ ಯಾರೋ ಕೂಗುವುದು. “ಈಗ ಆಗುದಿಲ್ಲ ಅಕ್ಕೋರೆ, ಒಂದು ಬಾಣಂತಿ ಇದ್ದಾಳೆ, ಅವಳನ್ನ ಮುಟ್ಟಿಸ್ಬೇಕು. ಒಂಬತ್ತಕ್ಕೆ ಬರ್ತೆ” ಎಂದು ಇಟ್ಟ. ಅವನ ಹಳೆಯ ಹೋಮ್‌ವರ್ಕ್ ಪುಸ್ತಕ ಕಣ್ಣ ಮುಂದೆ ಬಂದು ನನಗೆ ಎದೆ ಹೊಡೆದುಕೊಂಡಿತು. ಆಜಿ ಮಾತ್ರ ಸಮಾಧಾನದಲ್ಲಿದ್ದರು. “ಈಗ ಆಗುದಿಲ್ಲ ಅಂದ್ನಲ್ಲ, ಹಾಗಾದ್ರೆ ಬರ್ತಾನೆ.”

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ದೀಪ ಕಂಡಿತು. ಚಕ್ರ ಅರ್ಧ ನೀರಿನಲ್ಲಿ. ಆಜಿಯನ್ನು ಎತ್ತಿ ಕೂರಿಸಿದ, ನನ್ನ ಚೀಲ ಎಸೆದ, ಕದಲದೆ ಕುಳಿತಿದ್ದ ಮನೆಗಳ ಮುಂದೆ ನಿಂತು ಹಾರ್ನ್ ಒತ್ತಿದ. ಆಜಿ ಗಾಡಿಯಲ್ಲಿ ಕುಳಿತಿದ್ದಾರೆ ಎಂದು ಕಂಡ ಮೇಲೆ ಒಬ್ಬೊಬ್ಬರೇ ಹೊರಗೆ ಬಂದರು. ಮೈಕಿಗೆ ಏಳದವರು ಆಜಿಯನ್ನು ನೋಡಿ ಎದ್ದರು. ಅವನು ಆ ರಾತ್ರಿ ಎಷ್ಟು ಸಲ ತಿರುಗಿದನೋ, ಅವನೂ ಎಣಿಸಿರಲಿಕ್ಕಿಲ್ಲ. ನಸುಕಿನಲ್ಲಿ ನಮ್ಮ ಸಾಲಿನ ಮನೆಗಳಲ್ಲಿ ಕಿಟಕಿಯವರೆಗೆ ನೀರಿತ್ತು. ಆಜಿಯ ಅಕ್ಕಿ ಉಳಿಯಿತು. ನನ್ನ ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ಹೋದವು. ಗಾದೆಗಳ ಪುಸ್ತಕ ಮೇಲಿನ ಸಾಲಿನಲ್ಲಿತ್ತು.

ಡಚ್ಚರ ಒಂದು ಗಾದೆ ಇಂಗ್ಲಿಷಿನಲ್ಲೂ ಓಡಾಡುತ್ತದೆ: ನಂಬಿಕೆ ಕಾಲ್ನಡಿಗೆಯಲ್ಲಿ ಬರುತ್ತದೆ, ಕುದುರೆಯೇರಿ ಹೋಗುತ್ತದೆ. ಡಚ್ಚರೂ ನಮ್ಮ ಹಾಗೆ ಏರಿ ಕಟ್ಟಿ ನೀರಿನ ಮಗ್ಗುಲಲ್ಲಿ ಬದುಕುವವರು, ಅವರಿಗೆ ಗೊತ್ತಿರಬೇಕು. ಕುದುರೆ ಕಂಡಿರದ ನಮ್ಮ ಮಕ್ಕಳಿಗೆ ಇದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದಾಗ ಒಬ್ಬ, ‘ಹುಟ್ಟು ಹಾಕ್ತಾ ಬರ್ತದೆ, ಗೇಟು ತೆಗೆದ ಹಾಗೆ ಹೋಗ್ತದೆ’ ಎಂದ. ನಾನು ಅವನಿಗೆ ಪೂರ್ತಿ ಅಂಕ ಕೊಟ್ಟೆ.

ಗೂಡ್ಸ್ ರಿಕ್ಷಾದವನ ಮಗಳು ಈಗ ಆರನೇ ತರಗತಿ. ಅವಳ ಇಂಗ್ಲಿಷ್ ಪಾಠದಲ್ಲಿ ಏನಾದರೂ ತೊಡಕಾದರೆ ಅವನು ಅಂಕೋಲೆಗೆ ಫೋನು ಮಾಡುತ್ತಾನೆ. ಮೊನ್ನೆ ಬಂದದ್ದು ‘ಬೆಟರ್ ಲೇಟ್ ದ್ಯಾನ್ ನೆವರ್’. ಬಾರದೇ ಇರುವುದಕ್ಕಿಂತ ತಡವಾಗಿ ಬಂದದ್ದು ಲೇಸು ಎಂದು ಹೇಳಿಕೊಟ್ಟೆ. ಮಗಳು ಬರೆದುಕೊಂಡಳು. ಅಪ್ಪ ಫೋನು ಇಡಲಿಲ್ಲ.

“ಇದು ಸರಿ ಆಗುದಿಲ್ಲ ಅಕ್ಕೋರೆ” ಎಂದ. “ಹೊಳೆ ಏರುವಾಗ ತಡವಾಗಿ ಬಂದ್ರೆ ಬಾರದಿದ್ದ ಹಾಗೇ ಅಲ್ವಾ?”

ಪರೀಕ್ಷೆಗೆ ಪುಸ್ತಕದಲ್ಲಿದ್ದದ್ದನ್ನೇ ಬರೆಯಲಿ ಎಂದೆ. ಹಿಂದಿನಿಂದ ಮಗಳ ದನಿ ಕೇಳಿತು, ಎರಡನ್ನೂ ಬರೆಯುತ್ತೇನೆ, ಜಾಗ ಇದೆ ಎಂದು.